ಒಂದೇ ಹನಿ, ಮೂರು ಕ್ಯಾಮೆರಾ: ಕೊಳದ ಕಿರುಜೀವಿಗಳ ಚಿತ್ರೀಕರಣಕ್ಕೆ ಯಾವುದು ಮೇಲು?

ಕೊಳದ ನೀರಿನ ಹನಿಯೊಳಗೆ ಓಡಾಡುವ ಜೀವಿಗಳನ್ನು ವಿಡಿಯೊ ಮಾಡಲು ಹವ್ಯಾಸಿಗಳ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊಬೈಲನ್ನು ಐಪೀಸಿನ (ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರದ) ಮೇಲೆ ಕೂರಿಸುವುದು ಒಂದು. ಐಪೀಸನ್ನು ತೆಗೆದು ಅದರ ಕೊಳವೆಯೊಳಗೆ ಯುಎಸ್‌ಬಿ ಕ್ಯಾಮೆರಾ ಇಳಿಸಿ ಲ್ಯಾಪ್‌ಟಾಪಿನಲ್ಲಿ ನೋಡುವುದು ಇನ್ನೊಂದು. ಎರಡು ಕಣ್ಣಿನ ಕೊಳವೆಗಳ ಜೊತೆಗೆ ಮೂರನೆಯದೊಂದು ಇರುವ ಟ್ರೈನಾಕ್ಯುಲರ್ ಮೈಕ್ರೋಸ್ಕೋಪಿಗೆ ಮಿರರ್‌ಲೆಸ್ ಕ್ಯಾಮೆರಾ (ಮಸೂರ ಕಳಚಬಹುದಾದ, ದೊಡ್ಡ ಸೆನ್ಸರಿನ ಕ್ಯಾಮೆರಾ) ಜೋಡಿಸುವುದು ಮತ್ತೊಂದು. ಮೂರನ್ನೂ ಒಂದೇ ಮೈಕ್ರೋಸ್ಕೋಪಿನಲ್ಲಿ, ಎಷ್ಟೋ ಸಲ ಒಂದೇ ಸ್ಲೈಡಿನ ಮೇಲೆ, ಒಂದಾದ ಮೇಲೊಂದು ಹಾಕಿ ನೋಡಿದ್ದೇನೆ. ನನ್ನ ತೀರ್ಪು ಜಾಹೀರಾತುಗಳ ಮಾತಿಗೆ ಪೂರ್ತಿ ತಿರುಗುಮುರುಗಾಗಿದೆ. ‘ಮೈಕ್ರೋಸ್ಕೋಪ್ ಕ್ಯಾಮೆರಾ’ ಎಂದೇ ಹೆಸರು ಹೊತ್ತು ಬರುವ ಯುಎಸ್‌ಬಿ ಸರಕು ಓಡುವ ಜೀವಿಗಳ ಮಟ್ಟಿಗೆ ಮೂರರಲ್ಲಿ ಕೊನೆಯದು. ಜೇಬಿನಲ್ಲಿರುವ ಮೊಬೈಲು ಹೆಚ್ಚಿನವರಿಗೆ ಸಾಕು. ಮಿರರ್‌ಲೆಸ್ ತನ್ನ ಬೆಲೆ ತೀರಿಸುವುದು ಕಪ್ಪು ಹಿನ್ನೆಲೆಯ ಚಿತ್ರಗಳಲ್ಲಿ.

ಮೆಗಾಪಿಕ್ಸೆಲ್ ವಿಚಾರವನ್ನು ಮೊದಲೇ ಬದಿಗಿಡುವುದು ಒಳ್ಳೆಯದು, ಏಕೆಂದರೆ ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದು ಅದೇ. ಸಾಮಾನ್ಯವಾದ 40 ಪಟ್ಟಿನ ಆಬ್ಜೆಕ್ಟಿವ್‌ನ (ಸ್ಲೈಡಿನ ಹತ್ತಿರವಿರುವ ಮಸೂರದ) ನ್ಯೂಮರಿಕಲ್ ಅಪರ್ಚರ್, ಅಂದರೆ ಅದು ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬ ಅಳತೆ, 0.65. ಹಸಿರು ಬೆಳಕಿನಲ್ಲಿ ಅದು ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು ಅರ್ಧ ಮೈಕ್ರೋಮೀಟರ್. 40 ಪಟ್ಟು ಹಿಗ್ಗಿದಾಗ ಅದು 20 ಮೈಕ್ರೋಮೀಟರ್ ಆಗುತ್ತದೆ. ಅದನ್ನು ಸರಿಯಾಗಿ ದಾಖಲಿಸಲು ಆ ಅಂತರದಲ್ಲಿ ಎರಡು ಪಿಕ್ಸೆಲ್ ಬಿದ್ದರೆ ಸಾಕು. ಐಪೀಸಿನಲ್ಲಿ ಕಾಣುವ ವೃತ್ತದ ವ್ಯಾಸ 20 ಮಿ.ಮೀ. ಎಂದು ಹಿಡಿದರೆ, ಇಡೀ ವೃತ್ತಕ್ಕೆ ಅಡ್ಡಲಾಗಿ ಸುಮಾರು 2000 ಪಿಕ್ಸೆಲ್ ಬೇಕು. 10 ಪಟ್ಟಿನ, 0.25 ಅಪರ್ಚರ್‌ನ ಆಬ್ಜೆಕ್ಟಿವ್‌ಗೆ ಇದೇ ಲೆಕ್ಕ 3000ಕ್ಕೆ ಬಂದು ನಿಲ್ಲುತ್ತದೆ. 4ಕೆ ವಿಡಿಯೊದ ಅಗಲ 3840 ಪಿಕ್ಸೆಲ್. ಅದಕ್ಕಿಂತ ಹೆಚ್ಚಿಗೆ ಕೊಡುತ್ತೇವೆ ಎನ್ನುವವರು ಮಸೂರ ಕಾಣದ್ದನ್ನು ಸೆನ್ಸರಿನಿಂದ ಕಾಣಿಸುತ್ತೇವೆ ಎಂದ ಹಾಗಾಯಿತು.

ನಿಜವಾಗಿ ಕೇಳಬೇಕಾದದ್ದು ಬೇರೆ. ಕಣ್ಣಿಗೆ ಕಾಣುವ ವೃತ್ತದಲ್ಲಿ ಎಷ್ಟು ಭಾಗ ಕ್ಯಾಮೆರಾಕ್ಕೆ ದಕ್ಕುತ್ತದೆ? ಸೆಕೆಂಡಿಗೆ ಎಷ್ಟು ಫ್ರೇಮ್? ಶಟರ್ ವೇಗ ನನ್ನ ಕೈಯಲ್ಲಿದೆಯೇ, ಯಂತ್ರದ ಕೈಯಲ್ಲಿದೆಯೇ?

ಮೊದಲ ಪ್ರಶ್ನೆಯಲ್ಲಿಯೇ ಯುಎಸ್‌ಬಿ ಕ್ಯಾಮೆರಾ ಮುಗ್ಗರಿಸುತ್ತದೆ. ನಾನು ಬಳಸಿದ್ದರಲ್ಲಿ ಅರ್ಧ ಇಂಚು ಎಂದು ಕರೆಯುವ ಸೆನ್ಸರ್ ಇತ್ತು. ಅದರ ನಿಜವಾದ ಅಗಲ 6.4 ಮಿ.ಮೀ. 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಕಣ್ಣಿಗೆ 2 ಮಿ.ಮೀ. ಅಗಲದ ನೀರು ಕಂಡರೆ ಇದಕ್ಕೆ ಕಾಣುವುದು 0.64 ಮಿ.ಮೀ. ಚಿತ್ರವನ್ನು ಅರ್ಧಕ್ಕೆ ಕುಗ್ಗಿಸುವ ಮಸೂರ ನಡುವೆ ಇಟ್ಟರೆ 1.28 ಮಿ.ಮೀ. ಚಪ್ಪಲಿಯಾಕಾರದ ಏಕಕೋಶಜೀವಿ ಪ್ಯಾರಾಮೀಸಿಯಂ ಸೆಕೆಂಡಿಗೆ ಸುಮಾರು 1 ಮಿ.ಮೀ. ಈಜುತ್ತದೆ. ಅಂದರೆ ತೆರೆಗೆ ಬಂದದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮಾಯ. ಅದನ್ನು ಬೆನ್ನಟ್ಟೋಣವೆಂದರೆ ಎರಡನೆಯ ತೊಡಕು: ಲ್ಯಾಪ್‌ಟಾಪಿನ ತೆರೆ ನಿಜಕ್ಕಿಂತ ಸ್ವಲ್ಪ ಹಿಂದೆ ಓಡುತ್ತಿರುತ್ತದೆ. ಜೀವಿ ಎಡಕ್ಕೆ ತಿರುಗಿದ್ದನ್ನು ನೋಡಿ ಸ್ಟೇಜಿನ (ಸ್ಲೈಡ್ ಇಡುವ ಕಟ್ಟೆಯ) ತಿರುಪು ತಿರುಗಿಸುವಷ್ಟರಲ್ಲಿ ಅದು ಬಲಕ್ಕೆ ಹೋಗಿರುತ್ತದೆ. ನನಗೆ ಇದು ಅತಿ ಹೆಚ್ಚು ಕಿರಿಕಿರಿ ತಂದ ದೋಷ, ಆದರೆ ಯಾವ ವಿವರಪಟ್ಟಿಯಲ್ಲಿಯೂ ಇದಕ್ಕೆ ಒಂದು ಸಾಲಿಲ್ಲ.

ಫ್ರೇಮ್‌ಗಳ ಮಾತಿಗೆ ಬಂದರೆ ಕೇಬಲ್ಲೇ ಅಡ್ಡ ನಿಲ್ಲುತ್ತದೆ. 1920×1080 ಗಾತ್ರದ ಚಿತ್ರ, ಪಿಕ್ಸೆಲ್ಲಿಗೆ ಒಂದು ಬೈಟ್, ಸೆಕೆಂಡಿಗೆ 30 ಫ್ರೇಮ್ ಎಂದರೆ ಸೆಕೆಂಡಿಗೆ ಸುಮಾರು 498 ಮೆಗಾಬಿಟ್. ಯುಎಸ್‌ಬಿ 2.0 ಕಾಗದದ ಮೇಲೆ ಸಾಗಿಸಬಲ್ಲದ್ದು 480, ವಾಸ್ತವದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಕ್ಯಾಮೆರಾ ಒಂದೋ ಚಿತ್ರವನ್ನು ಹಿಂಡಿ ಕಳಿಸುತ್ತದೆ, ಇಲ್ಲವೇ ಫ್ರೇಮ್‌ಗಳನ್ನು ಕೈಬಿಡುತ್ತದೆ. ಯುಎಸ್‌ಬಿ 3.0 ಇರುವವು ಈ ವಿಷಯದಲ್ಲಿ ಎಷ್ಟೋ ವಾಸಿ. ಕೊಳ್ಳಲೇಬೇಕೆಂದಿದ್ದರೆ ಅದಕ್ಕಿಂತ ಕೆಳಗಿನದನ್ನು ಮುಟ್ಟಬೇಡಿ.

ಹಾಗೆಂದು ಅದನ್ನು ಮೂಲೆಗೆ ಎಸೆದಿಲ್ಲ. ಅಮೀಬಾ ಓಡುವುದಿಲ್ಲ, ಹರಿಯುತ್ತದೆ. ಸ್ಪೈರೋಗೈರಾ ಪಾಚಿಯ ಎಳೆ ಇದ್ದಲ್ಲೇ ಇರುತ್ತದೆ. ಇಂಥವುಗಳನ್ನು ನಿಮಿಷಗಟ್ಟಲೆ ಬಿಟ್ಟು ಟೈಮ್‌ಲ್ಯಾಪ್ಸ್ ತೆಗೆಯಲು, ತೆರೆಯ ಮೇಲೆಯೇ ಅಳತೆ ಹಾಕಲು, ನಾಲ್ಕು ಜನ ಒಟ್ಟಿಗೆ ಕೂತು ನೋಡಲು ಯುಎಸ್‌ಬಿ ಕ್ಯಾಮೆರಾ ಅನುಕೂಲವೇ. ಸ್ಟೇಜ್ ಮೈಕ್ರೋಮೀಟರಿನ (ಅಳತೆಯ ಗೆರೆ ಕೊರೆದ ಸ್ಲೈಡಿನ) 10 ಮೈಕ್ರೋಮೀಟರ್ ಗೆರೆಗಳಿಗೆ ಒಮ್ಮೆ ಹೊಂದಿಸಿಟ್ಟರೆ ಆಮೇಲೆ ಪ್ರತಿ ಚಿತ್ರದಲ್ಲಿಯೂ ಅಳತೆಪಟ್ಟಿ ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ಈ ಸುಖವಿಲ್ಲ; ಪ್ರತಿ ಸಲ ಕೂರಿಸಿದಾಗಲೂ ಹಿಗ್ಗುವಿಕೆ ಚೂರು ಬದಲಾಗಿರುತ್ತದೆ.

ಇನ್ನು ಮೊಬೈಲು. ಇದರ ಗುಟ್ಟು, ಐಪೀಸನ್ನು ತೆಗೆಯದೆ ಅದರ ಮೂಲಕವೇ ನೋಡುವುದರಲ್ಲಿದೆ. ಕಣ್ಣಿಗೆ ಕಾಣುವ ವೃತ್ತ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಗುತ್ತದೆ. ಹಳೆಯ 160 ಮಿ.ಮೀ. ಕೊಳವೆಯ ಮೈಕ್ರೋಸ್ಕೋಪುಗಳಲ್ಲಿ ಇದಕ್ಕೆ ಇನ್ನೊಂದು ಲಾಭವೂ ಇದೆ. ಅವುಗಳಲ್ಲಿ ಹಲವು ಆಬ್ಜೆಕ್ಟಿವ್‌ಗಳ ಬಣ್ಣದೋಷದ ಒಂದಂಶವನ್ನು ಸರಿಪಡಿಸುವ ಹೊಣೆ ಐಪೀಸಿನದು. ಐಪೀಸನ್ನು ಬಿಟ್ಟು ನೇರವಾಗಿ ಸೆನ್ಸರಿನ ಮೇಲೆ ಚಿತ್ರ ಬೀಳಿಸಿದರೆ ಅಂಚಿನಲ್ಲಿರುವ ಜೀವಿಗಳಿಗೆ ಕೆಂಪು, ನೀಲಿ ಅಂಚು ಹತ್ತುತ್ತದೆ. ದುಬಾರಿ ಮಿರರ್‌ಲೆಸ್‌ನಲ್ಲಿ ಕಂಡ ಆ ಬಣ್ಣದ ಗೆರೆ ಮೊಬೈಲಿನಲ್ಲಿ ಕಾಣದಿದ್ದಾಗ ನನಗೆ ಸೋಜಿಗವಾಗಿತ್ತು; ಕಾರಣ ಇದೇ.

ಕಷ್ಟ ಇರುವುದು ಕೂರಿಸುವುದರಲ್ಲಿ. 40 ಪಟ್ಟಿನ ಆಬ್ಜೆಕ್ಟಿವ್, 10 ಪಟ್ಟಿನ ಐಪೀಸ್ ಇದ್ದಾಗ ಹೊರಬರುವ ಬೆಳಕಿನ ಚುಕ್ಕಿಯ ವ್ಯಾಸ ಸುಮಾರು 0.8 ಮಿ.ಮೀ. ಮಾತ್ರ. ಮೊಬೈಲಿನ ಮಸೂರ ಅದರ ನೇರಕ್ಕೆ, ಸರಿಯಾದ ಎತ್ತರದಲ್ಲಿ ನಿಲ್ಲಬೇಕು. ಕೂದಲೆಳೆ ಸರಿದರೂ ಒಂದು ಬದಿಗೆ ಕಪ್ಪು ನೆರಳು ಕವಿಯುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದು ಸ್ನೇಹಿತರಿಗೆ ತೋರಿಸಲು ಸರಿ. ನಿಮಿಷದ ವಿಡಿಯೊಗೆ ಮೂರು ದಿಕ್ಕಿಗೂ ಸರಿಸಬಹುದಾದ, ಐಪೀಸನ್ನು ಗಟ್ಟಿಯಾಗಿ ಕಚ್ಚುವ ಅಡಾಪ್ಟರ್ ಬೇಕೇ ಬೇಕು. ಕನ್ನಡಕದವರಿಗೆಂದು ಮಾಡಿದ, ಕಣ್ಣನ್ನು ತುಸು ದೂರ ಇಟ್ಟು ನೋಡಬಹುದಾದ ಐಪೀಸ್ ಇದ್ದರೆ ಕೆಲಸ ಇನ್ನೂ ಹಗುರ. ಎರಡು ಮೂರು ಮಸೂರಗಳಿರುವ ಮೊಬೈಲು ತನ್ನಿಷ್ಟದಂತೆ ಒಂದರಿಂದ ಇನ್ನೊಂದಕ್ಕೆ ಹಾರುವುದೂ ಉಂಟು. ಮುಖ್ಯ ಮಸೂರಕ್ಕೇ ಅದನ್ನು ಕಟ್ಟಿಹಾಕುವ, ಫೋಕಸ್, ಬೆಳಕು, ಶಟರ್ ಎಲ್ಲವನ್ನೂ ಕೈಯಿಂದ ನಿಗದಿ ಮಾಡಬಹುದಾದ ಕ್ಯಾಮೆರಾ ಆ್ಯಪ್ ಹಾಕಿಕೊಂಡ ಮೇಲೆ ನನ್ನ ಮೊಬೈಲು ಬೇರೆಯೇ ಯಂತ್ರವಾಯಿತು.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಎರಡು ಕಣ್ಣಿನ ಮೈಕ್ರೋಸ್ಕೋಪಿನಲ್ಲಿ ಒಂದು ಐಪೀಸಿಗೆ ಮೊಬೈಲು ಹಾಕಿದರೆ ಇನ್ನೊಂದು ಖಾಲಿಯಿರುತ್ತದೆ. ಅದರಲ್ಲಿ ಕಣ್ಣಿಟ್ಟು, ಕಣ್ಣಿನಿಂದಲೇ ಜೀವಿಯನ್ನು ಹಿಂಬಾಲಿಸುತ್ತಾ ತಿರುಪು ತಿರುಗಿಸಬಹುದು. ತಡವಾಗಿ ಬರುವ ತೆರೆಯ ಹಂಗೇ ಇಲ್ಲ. ಓಡುವ ಜೀವಿಗಳ ವಿಷಯದಲ್ಲಿ ನಾನು ಯುಎಸ್‌ಬಿಯನ್ನು ಬಿಟ್ಟು ಇದಕ್ಕೆ ಬಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ವೇಗದ ಪಂದ್ಯದಲ್ಲಿಯೂ ಮೊಬೈಲೇ ಮುಂದು. ರೋಟಿಫರ್ ಎಂಬ ಬಹುಕೋಶದ ಕಿರುಜೀವಿಯ ತಲೆಯ ಮೇಲೆ ಎರಡು ಚಕ್ರಗಳು ತಿರುಗುವಂತೆ ಕಾಣುತ್ತದಲ್ಲ, ಅಲ್ಲಿ ತಿರುಗುವುದು ಏನೂ ಇಲ್ಲ. ಸಿಲಿಯಾ ಎಂಬ ಕಿರುರೋಮಗಳು ಒಂದರ ಹಿಂದೆ ಒಂದು ಬಡಿಯುವಾಗ ಅಲೆ ಸುತ್ತ ಸಾಗುತ್ತದೆ. ಈ ಬಡಿತ ಸೆಕೆಂಡಿಗೆ ಹತ್ತಾರು ಸಲ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ಅಲೆ ನಿಧಾನವಾಗಿಯೋ ಹಿಂದುಮುಂದಾಗಿಯೋ ಓಡಿದಂತೆ ಕಂಡು ಸುಳ್ಳು ಹೇಳುತ್ತದೆ. ಅನೇಕ ಮೊಬೈಲುಗಳಲ್ಲಿರುವ 240 ಫ್ರೇಮ್‌ನ ನಿಧಾನಗತಿಯಲ್ಲಿ ಮಾತ್ರ ಒಂದೊಂದು ರೋಮದ ಹೊಡೆತ ಬೇರೆಯಾಗಿ ಬಿಚ್ಚಿಕೊಳ್ಳುತ್ತದೆ. ತೊಟ್ಟಿನ ಮೇಲೆ ಗಂಟೆಯಂತೆ ನಿಲ್ಲುವ ವರ್ಟಿಸೆಲ್ಲಾ ಬೆದರಿದಾಗ ಆ ತೊಟ್ಟು ಕೆಲವೇ ಮಿಲಿಸೆಕೆಂಡುಗಳಲ್ಲಿ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. 30 ಫ್ರೇಮ್‌ನಲ್ಲಿ ಒಂದು ಚಿತ್ರದಲ್ಲಿ ನೆಟ್ಟಗೆ, ಮುಂದಿನದರಲ್ಲಿ ಸುರುಳಿ. ನಡುವೆ ಏನಾಯಿತೆಂಬುದಕ್ಕೆ ಸಾಕ್ಷಿಯೇ ಇಲ್ಲ. 240ರಲ್ಲಿ ಫ್ರೇಮಿನಿಂದ ಫ್ರೇಮಿಗೆ 4 ಮಿಲಿಸೆಕೆಂಡು ಚಿಲ್ಲರೆ, ಹಾಗಾಗಿ ಅರ್ಧ ಮುದುಡಿದ ತೊಟ್ಟು ಒಂದೆರಡು ಫ್ರೇಮಿನಲ್ಲಾದರೂ ಸಿಕ್ಕಿಬೀಳುತ್ತದೆ. ನನ್ನ ಮಿರರ್‌ಲೆಸ್ 120ಕ್ಕೆ ನಿಲ್ಲುತ್ತದೆ.

ಹಾಗಾದರೆ ಮಿರರ್‌ಲೆಸ್ ಏಕೆ? ಡಾರ್ಕ್‌ಫೀಲ್ಡ್‌ಗಾಗಿ, ಅಂದರೆ ಕಪ್ಪು ಹಿನ್ನೆಲೆಗಾಗಿ. ಕಂಡೆನ್ಸರಿನ (ದೀಪದ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಮಸೂರದ) ಕೆಳಗೆ ನಡುಮಧ್ಯಕ್ಕೆ ಒಂದು ಕಪ್ಪು ಬಿಲ್ಲೆ ಇಟ್ಟರೆ ನೇರ ಬೆಳಕು ನಿಂತು, ಜೀವಿಗಳ ಮೈಯಿಂದ ಚದುರಿದ ಬೆಳಕು ಮಾತ್ರ ಮೇಲೆ ಬರುತ್ತದೆ. ವಾಲ್ವಾಕ್ಸ್ ಪಾಚಿಯ ಗೋಳಗಳು ಕಪ್ಪು ಬಯಲಿನಲ್ಲಿ ಹಸಿರು ಚುಕ್ಕಿಗಳಾಗಿ ಉರುಳುವುದನ್ನು ಒಮ್ಮೆ ಕಂಡವರಿಗೆ ಬಿಳಿ ಹಿನ್ನೆಲೆ ಸಪ್ಪೆ ಎನಿಸಿಬಿಡುತ್ತದೆ. ಸೂಕ್ಷ್ಮಜೀವಿಗಳ ಚಲನಚಿತ್ರದ ಆರಂಭವೂ ಇಂಥ ಕಪ್ಪು ಹಿನ್ನೆಲೆಗೆ ಋಣಿ: 1909ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಕೊಮಾಂಡೊನ್ ಸಿಫಿಲಿಸ್ ರೋಗಾಣುವಿನ ಚಲನೆಯನ್ನು ಸೆರೆಹಿಡಿದದ್ದು ಈ ಬಗೆಯ ಬೆಳಕಿನಲ್ಲಿಯೇ.

‘ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ, ಆದ್ದರಿಂದ ಗೆಲ್ಲುತ್ತದೆ’ ಎಂಬ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಬೆಳಕು ಒಳಬರಬೇಕೆಂದು ತೀರ್ಮಾನಿಸುವುದು ಆಬ್ಜೆಕ್ಟಿವ್. ಅದೇ ವೃತ್ತವನ್ನು ಸಣ್ಣ ಸೆನ್ಸರಿನ ಮೇಲೆ ಬೀಳಿಸಿದರೂ ದೊಡ್ಡದರ ಮೇಲೆ ಬೀಳಿಸಿದರೂ ಒಟ್ಟು ಬೆಳಕು ಅಷ್ಟೇ. ವ್ಯತ್ಯಾಸ ಬರುವುದು ಆಮೇಲಿನ ಅಡುಗೆಯಲ್ಲಿ. ಮೊಬೈಲು ಕಪ್ಪನ್ನು ಕಂಡ ಕೂಡಲೇ ಬೆಳಕು ಏರಿಸಿ ಜೀವಿಯನ್ನು ಬಿಳಿ ಉಂಡೆ ಮಾಡುತ್ತದೆ. ಅದನ್ನು ತಡೆದರೆ ಕಾಳುಕಾಳಾದ ಚಿತ್ರವನ್ನು ತಾನೇ ನುಣ್ಣಗೆ ತೀಡಿ, ಸಿಲಿಯಾಗಳನ್ನೂ ಜೊತೆಗೆ ಅಳಿಸುತ್ತದೆ. ಆಮೇಲೆ ಅಂಚುಗಳನ್ನು ಚೂಪುಗೊಳಿಸಿ, ಗಾಜಿನಂಥ ಚಿಪ್ಪಿನ ಪಾಚಿಗಳಾದ ಡಯಾಟಮ್‌ಗಳ ಸುತ್ತ ಇಲ್ಲದ ಗೆರೆ ಎಳೆಯುತ್ತದೆ. ಮಿರರ್‌ಲೆಸ್ ಇಂಥ ಉಪಕಾರಕ್ಕೆ ಬರುವುದಿಲ್ಲ, ಬಂದರೂ ಬೇಡವೆಂದರೆ ಸುಮ್ಮನಾಗುತ್ತದೆ. ಹೊಳೆಯುವ ಹರಳು, ಕಪ್ಪು ನೀರು ಎರಡೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ.

ಅದಕ್ಕೂ ಬೆಲೆ ತೆರಬೇಕು. ಮಿರರ್‌ಲೆಸ್‌ಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಗಾತ್ರದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, ಮೈಕ್ರೋಸ್ಕೋಪ್ ಕೊಡುವ ಚೊಕ್ಕ ಚಿತ್ರ ಸುಮಾರು 20 ಮಿ.ಮೀ. ನೇರವಾಗಿ ಬೀಳಿಸಿದರೆ ಮೂಲೆಗಳು ಮಂಕು, ಕತ್ತರಿಸಲೇಬೇಕು. 17.3 ಮಿ.ಮೀ. ಅಗಲದ ಮೈಕ್ರೋ ಫೋರ್ ಥರ್ಡ್ಸ್ ಹೆಚ್ಚು ಒಪ್ಪವಾಗಿ ಕೂರುತ್ತದೆ. ಫುಲ್ ಫ್ರೇಮ್ ಎಂಬ ಇನ್ನೂ ದೊಡ್ಡ ಸೆನ್ಸರಿಗೆ ಚಿತ್ರವನ್ನು ಹಿಗ್ಗಿಸುವ ಮಸೂರ ನಡುವೆ ಇಡಬೇಕು. ಈ ಕೆಲಸಕ್ಕೆಂದೇ ಅದನ್ನು ಕೊಳ್ಳುವವರನ್ನು ನಾನು ತಡೆಯುತ್ತೇನೆ.

ಆದರೆ ಕ್ಯಾಮೆರಾ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಸ್ಲೈಡು. ಸೆಕೆಂಡಿಗೆ 1 ಮಿ.ಮೀ. ಓಡುವ ಜೀವಿ 1/50 ಸೆಕೆಂಡಿನ ಶಟರಿನಲ್ಲಿ 20 ಮೈಕ್ರೋಮೀಟರ್ ಸರಿದಿರುತ್ತದೆ. ಅರ್ಧ ಮೈಕ್ರೋಮೀಟರ್ ಬೇರ್ಪಡಿಸುವ ಆಬ್ಜೆಕ್ಟಿವ್ ಇಟ್ಟುಕೊಂಡು ಇಷ್ಟು ಮಸುಕೇ? 1/1000ಕ್ಕೆ ಹೋದರೆ 1 ಮೈಕ್ರೋಮೀಟರ್, ಆದರೆ ಇಪ್ಪತ್ತು ಪಟ್ಟು ಬೆಳಕು ಬೇಕು. ಇಲ್ಲವೇ ಜೀವಿಯನ್ನೇ ನಿಧಾನಿಸಬೇಕು. ಅದಕ್ಕೂ ಪೈಪೋಟಿಯ ಎರಡು ವಿಧಾನಗಳಿವೆ. ಮೀಥೈಲ್ ಸೆಲ್ಯುಲೋಸ್ ದ್ರಾವಣ ನೀರನ್ನು ಮಂದವಾಗಿಸುತ್ತದೆ, ಪ್ಯಾರಾಮೀಸಿಯಂ ತೆವಳತೊಡಗುತ್ತದೆ. ಆದರೆ ಗುಳ್ಳೆಗಳು ಸೇರಿಕೊಳ್ಳುತ್ತವೆ, ಸಿಲಿಯಾಗಳ ಬಡಿತವೂ ಸಹಜವಾಗಿ ಉಳಿಯುವುದಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು: ಕವರ್ ಸ್ಲಿಪ್ಪಿನ (ಹನಿಯ ಮೇಲೆ ಮುಚ್ಚುವ ತೆಳು ಗಾಜಿನ) ಅಂಚಿಗೆ ಒತ್ತುಕಾಗದದ ತುದಿ ಮುಟ್ಟಿಸಿ, ಗಾಜು ಜೀವಿಯನ್ನು ಮೆಲ್ಲಗೆ ತಡೆದು ನಿಲ್ಲಿಸುವವರೆಗೆ ನೀರು ಹೀರಿಸುವುದು. ಚಪ್ಪಟೆಯಾದ ಜೀವಿಯ ಇಡೀ ಮೈ ಒಂದೇ ಫೋಕಸಿನಲ್ಲಿ ಬರುತ್ತದೆ, ಹೆಚ್ಚಿನ ನೀರನ್ನು ಹೊರಹಾಕುವ, ಸಂಕೋಚಿಸುವ ನೀರುಕುಹರ ತುಂಬಿ ಖಾಲಿಯಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಹನಿ ಹೆಚ್ಚು ಹೀರಿಸಿದರೆ ಮೈ ಒಡೆಯುತ್ತದೆ, ಆದ್ದರಿಂದ ಕಣ್ಣು ಐಪೀಸಿನಲ್ಲಿಯೇ ಇರಬೇಕು. ಸ್ಟೆಂಟರ್‌ಗೆ ಮಾತ್ರ ಇದನ್ನು ಮಾಡುವುದಿಲ್ಲ. ಒತ್ತಡ ತಗುಲಿದೊಡನೆ ಕಹಳೆಯಂತೆ ಚಾಚಿದ್ದ ಮೈಯನ್ನು ಉಂಡೆ ಮಾಡಿಕೊಂಡು ಕೂತುಬಿಡುತ್ತದೆ. ಅದಕ್ಕೆ ಹತ್ತಿಯ ನಾಲ್ಕು ಎಳೆ ಹಾಕಿ, ಕವರ್ ಸ್ಲಿಪ್ಪಿನ ಮೂಲೆಗಳಿಗೆ ವ್ಯಾಸಲಿನ್ ಹಚ್ಚಿ ಎತ್ತರಿಸಿ, ಕಾಯುತ್ತೇನೆ.

ಕೊನೆಯದಾಗಿ ದೀಪ. ಮಂದಗೊಳಿಸಿದ ಎಲ್‌ಇಡಿ ಬಹಳಷ್ಟು ಸಲ ಅತಿ ವೇಗವಾಗಿ ಹೊತ್ತಿ ಆರುತ್ತಿರುತ್ತದೆ. ಕಣ್ಣಿಗೆ ತಿಳಿಯದ ಇದು ವಿಡಿಯೊದಲ್ಲಿ ಜಾರುವ ಅಡ್ಡಪಟ್ಟೆಗಳಾಗಿ ಬರುತ್ತದೆ. 1/50ರ ಶಟರಿನಲ್ಲಿ ಮೂರು ಕ್ಯಾಮೆರಾಗಳಲ್ಲಿಯೂ ಅಷ್ಟಾಗಿ ಕಾಣಲಿಲ್ಲ. ಮೊಬೈಲಿನ 240 ಫ್ರೇಮ್‌ಗೆ ಹೋದಾಗ ರೋಟಿಫರ್‌ಗಿಂತ ಪಟ್ಟೆಗಳೇ ಎದ್ದು ಕಂಡವು. ಮಂದಗೊಳಿಸುವ ಗುಂಡಿಯನ್ನು ಪೂರ್ತಿ ಏರಿಸಿ, ಬೆಳಕು ಹೆಚ್ಚೆನಿಸಿದರೆ ದೀಪದ ಮೇಲೆ ಬೂದು ಫಿಲ್ಟರ್ ಇಡುವುದು ಸುಲಭ ಪರಿಹಾರ. ಚುರುಕು ಶಟರಿಗೆ ಹೇಗೂ ಅಷ್ಟು ಬೆಳಕು ಬೇಕಾಗುವುದರಿಂದ ನನ್ನ ಫಿಲ್ಟರ್ ಹೆಚ್ಚಾಗಿ ಡಬ್ಬಿಯಲ್ಲಿಯೇ ಇರುತ್ತದೆ.