ಯಮಹಾ ಆರ್‌ಎಕ್ಸ್-ವಿ385, ಪೋಲ್ಕ್ ಟಿ15: ಹುಬ್ಬಳ್ಳಿ ಹಾಲ್‌ಗೆ ಲಕ್ಷದೊಳಗಿನ ಹೋಂ ಥಿಯೇಟರ್

ಡಿವಿಡಿ ಕಾಲದ ಹೋಂ ಥಿಯೇಟರ್ ಸೆಟ್ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಶೋಕೇಸಿನಲ್ಲಿ ಇನ್ನೂ ಕೂತಿದೆ. ಪ್ಲೇಯರ್ ಸತ್ತಿದೆ, ಸ್ಪೀಕರ್ ಗಟ್ಟಿಯಾಗಿವೆ. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಬರೀ ರಿಸೀವರ್ ತಂದು ಹಳೇ ಸ್ಪೀಕರ್‌ಗೆ ಹಚ್ಚಿದ್ರ ನಡೀತದಲ್ರಿ?"

ನಡೆಯೋದಿಲ್ಲ. ರಿಸೀವರ್ ಅಂದರೆ ಟಿವಿ, ಸೆಟ್-ಟಾಪ್ ಬಾಕ್ಸಿನ ಸದ್ದು ತೆಗೆದುಕೊಂಡು ಎಲ್ಲ ಸ್ಪೀಕರ್‌ಗೂ ಪವರ್ ಕೊಡುವ ಡಬ್ಬಿ, ಇಲ್ಲಿ ಯಮಹಾ ವಿ385. ಆ ಸ್ಪೀಕರ್‌ಗಳ ಬೆನ್ನಿನ ಲೇಬಲ್ ಓದಿ. ಬಹುತೇಕ 3 ಅಥವಾ 4 ಓಮ್ ಅಂತ ಇರುತ್ತದೆ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ). ವಿ385 ಕೇಳುವುದು ಕನಿಷ್ಠ 6 ಓಮ್. ಓಮ್ ಅರ್ಧವಾದರೆ ಅದೇ ವಾಲ್ಯೂಮ್‌ಗೆ ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ಸಣ್ಣ ದನಿಯಲ್ಲಿ ಸೀರಿಯಲ್ ನೋಡುವಾಗ ಏನೂ ಗೊತ್ತಾಗದು, ಫೈಟ್ ಸೀನ್ ಬಂದಾಗ ಸುಡದಂತೆ ತಡೆಯುವ ಪ್ರೊಟೆಕ್ಷನ್ ಬಿದ್ದು ಸೆಟ್ ಆಫ್ ಆಗುತ್ತದೆ. ಹಳೆಯ ಸಬ್‌ವೂಫರ್ ಕಥೆ ಇನ್ನೂ ಸರಳ: ಅದರೊಳಗೆ ಆಂಪ್ಲಿಫೈಯರ್ ಇಲ್ಲ, ವಿ385ರ ಸಬ್ ಔಟ್‌ನಲ್ಲಿ ಬರುವುದು ಸ್ಪೀಕರನ್ನು ನೇರ ಓಡಿಸಲಾಗದ ಬರೀ ಲೈನ್ ಸಿಗ್ನಲ್. ಎರಡೂ ಸೇರಿದರೆ ಸದ್ದೇ ಬರುವುದಿಲ್ಲ. ಹಳೆಯದನ್ನು ಗುಜರಿಗೆ ಹಾಕಿ, ಲೆಕ್ಕ ಹೊಸದಾಗಿ ಶುರು ಮಾಡಿ.

ವಿ385 2018ರ ಮಾಡೆಲ್, 5.1 ಚಾನೆಲ್, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ನಾಲ್ಕು ಎಚ್‌ಡಿಎಂಐ ಇನ್, ಒಂದು ಔಟ್, 4ಕೆ 60 ಹರ್ಟ್ಜ್‌ವರೆಗೆ, ಚಿತ್ರದ ಬಣ್ಣ-ಬೆಳಕು ಹೆಚ್ಚಿಸುವ ಡಾಲ್ಬಿ ವಿಷನ್ ಕೂಡ ಟಿವಿಗೆ ದಾಟಿಸುತ್ತದೆ. ತಲೆಯ ಮೇಲಿಂದಲೂ ಸದ್ದು ಕೊಡುವ ಅಟ್ಮಾಸ್ ಇಲ್ಲ, ವೈಫೈ ಇಲ್ಲ, ಬ್ಲೂಟೂತ್ ಇದೆ. ಪವರ್ ಚಾನೆಲ್‌ಗೆ 70 ವಾಟ್, ಅದೂ 6 ಓಮ್‌ಗೆ, ಎರಡೇ ಚಾನೆಲ್ ಓಡುವಾಗಿನ ಅಳತೆ. ಅಂಗಡಿಯವರು ತೋರಿಸುವ ನೂರು ಮೀರಿದ ಅಂಕಿ ಒಂದೇ ಚಾನೆಲ್, ಒಂದೇ ಸ್ವರ, ಡಿಸ್ಟಾರ್ಷನ್‌ಗೆ, ಅಂದರೆ ಸದ್ದು ಕೆಡುವುದಕ್ಕೆ, ಹೆಚ್ಚು ಅವಕಾಶ ಕೊಟ್ಟು ಅಳೆದದ್ದು.

70 ವಾಟ್ ಸಾಕಾ? 12x14 ಅಡಿ ಹಾಲ್‌ಗೆ ಧಾರಾಳ. ಪೋಲ್ಕ್ ಟಿ15 ಸ್ಪೀಕರಿನ ಸೆನ್ಸಿಟಿವಿಟಿ 89 ಡೆಸಿಬಲ್: 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಸೋಫಾ 3 ಮೀಟರ್ ದೂರವಿದ್ದರೆ ಸುಮಾರು 80ಕ್ಕೆ ಇಳಿಯುತ್ತದೆ. ಪವರ್ ಎರಡು ಪಟ್ಟಾದಾಗಲೆಲ್ಲ 3 ಡೆಸಿಬಲ್ ಏರಿಕೆ, ಅಂದರೆ 16 ವಾಟ್‌ಗೆ 92. ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. 86 ಡೆಸಿಬಲ್‌ನ ಸ್ಪೀಕರ್ ತಂದರೆ ಅದೇ ಸದ್ದಿಗೆ ಎರಡು ಪಟ್ಟು ವಾಟ್ ಬೇಕು. ಆದ್ದರಿಂದ ಹೆಚ್ಚು ವಾಟ್‌ನ ರಿಸೀವರ್‌ಗೆ ಸುರಿಯುವ ಹತ್ತು ಸಾವಿರ ಸೆಂಟರ್ ಸ್ಪೀಕರ್‌ಗೆ ಹೋಗಲಿ. ಸಿನಿಮಾದ ಮಾತೆಲ್ಲ ಬರುವುದು ಅಲ್ಲಿಂದ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಮೊದಲ ಕಂತಿನಲ್ಲಿ ರಿಸೀವರ್, ಒಂದು ಜೋಡಿ ಟಿ15, ಅದೇ ಸಾಲಿನ ಟಿ30 ಸೆಂಟರ್. ಎರಡನೆಯದು ಸಬ್‌ವೂಫರ್: ಪೋಲ್ಕ್‌ನದೇ ಪಿಎಸ್‌ಡಬ್ಲ್ಯೂ10, 10 ಇಂಚು, 50 ವಾಟ್, ಈ ಅಳತೆಯ ಹಾಲ್‌ಗೆ ತಕ್ಕದ್ದು. ಹಿಂದಿನ ಸರೌಂಡ್ ಜೋಡಿ ಮುಂದಿನ ದೀಪಾವಳಿಗೆ ಇರಲಿ. ಸಬ್ ಬರುವವರೆಗೆ ಸೆಟಪ್‌ನಲ್ಲಿ ಸಬ್‌ವೂಫರ್ 'ನನ್' ಇರಬೇಕು. 'ಯೂಸ್' ಅಂತ ಬಿಟ್ಟರೆ ಬೇಸ್ ಎಲ್ಲ ಇಲ್ಲದ ಡಬ್ಬಿಗೆ ಹೋಗಿ ಹಾಡು ಬೋಳಾಗುತ್ತದೆ.

ವೈರ್‌ನಲ್ಲಿ ಮೋಸ ಹೆಚ್ಚು. 'ಸ್ಪೀಕರ್ ವೈರ್' ಹೆಸರಲ್ಲಿ ಮಾರುವ ಅಗ್ಗದ ಪಾರದರ್ಶಕ ವೈರ್ ಎಷ್ಟೋ ಸಲ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಎರಡು ಸಲ ತಿರುಚಿದರೆ ಮುರಿಯುತ್ತದೆ, ಕ್ಲಿಪ್ಪಿನ ಬಾಯಲ್ಲಿ ಸಡಿಲಾಗಿ ಕರಕರ ಅನ್ನುತ್ತದೆ. ಇಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ಅಪ್ಪಟ ತಾಮ್ರದ ಫ್ಲೆಕ್ಸಿಬಲ್ ಟ್ವಿನ್ ವೈರ್ ಸಾಕು. 10 ಮೀಟರ್ ಓಡಿದರೂ ಹೋಗಿ ಬರುವ ರೆಸಿಸ್ಟೆನ್ಸ್ ಕಾಲು ಓಮ್ ಅಷ್ಟೇ. ವಿ385ರಲ್ಲಿ ಮುಂದಿನ ಎರಡಕ್ಕೆ ಮಾತ್ರ ತಿರುಪಿನ ಟರ್ಮಿನಲ್, ಸೆಂಟರ್ ಮತ್ತು ಸರೌಂಡ್‌ಗೆ ಒತ್ತುವ ಕ್ಲಿಪ್. ಕಂಪನಿ ಇಲ್ಲಿ ಜಿಪುಣತನ ಮಾಡಿದೆ. ತುದಿಯ 1 ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿ. ಒಂದು ಕೂದಲೆಳೆ ಪಕ್ಕದ ಕ್ಲಿಪ್‌ಗೆ ತಾಗಿದರೂ ಮತ್ತೆ ಪ್ರೊಟೆಕ್ಷನ್.

ಜಾಗದ ವಿಷಯ. ಸೆಟ್ಟಿನ ಎತ್ತರ 16 ಸೆಂಟಿಮೀಟರ್, ಮೇಲೆ 30, ಎಡ-ಬಲ-ಹಿಂದೆ ತಲಾ 20 ಸೆಂಟಿಮೀಟರ್ ಖಾಲಿ ಬಿಡಿ ಎನ್ನುತ್ತದೆ ಯಮಹಾ. ಗಾಜಿನ ಬಾಗಿಲಿನ, ಒಂದಡಿ ಖಾನೆಯ ಶೋಕೇಸಿನಲ್ಲಿ ಇದು ಕೂರದು. ಏಪ್ರಿಲ್ ಬಿಸಿಲಿಗೆ ಖಾನೆಯೊಳಗಿನ ಗಾಳಿ ಸೆಟ್ ಆನ್ ಮಾಡುವ ಮೊದಲೇ ಕಾದಿರುತ್ತದೆ. ಟಿವಿ ಸ್ಟ್ಯಾಂಡಿನ ಮೇಲಿನ ಹಲಗೆಯೇ ಸರಿ, ಮೇಲೆ ಕ್ರೋಶಾ ಹೊದಿಕೆ ಬೇಡ. ಗುಡುಗು ಮಳೆಯ ಸಂಜೆ ಪ್ಲಗ್ ಜತೆಗೆ ಡಿಶ್ ಅಥವಾ ಕೇಬಲ್‌ನ ವೈರನ್ನೂ ಕಳಚಿ. ಎಚ್‌ಡಿಎಂಐ ಬೋರ್ಡ್ ಸುಡುವ ಸಿಡಿಲಿನ ಪೆಟ್ಟು ಹೆಚ್ಚಾಗಿ ಆ ದಾರಿಯಲ್ಲೇ ಬರುತ್ತದೆ. ಗುಂಯ್ ಅನ್ನುವ ಹಮ್ ಕೇಳಿಸಿದರೂ ಮೊದಲು ಕಳಚಿ ನೋಡಬೇಕಾದ್ದು ಅದೇ ಕೇಬಲ್. ಅರ್ಥ್ ಪಿನ್ ಮುರಿಯುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ.

ಜೊತೆಗೆ ಬರುವ ಮೈಕ್‌ನಿಂದ ವೈಪಿಎಓ ಅಳತೆ ಮಾಡಿಸಿ; ಕೋಣೆಗೆ ತಕ್ಕಂತೆ ಸದ್ದನ್ನು ರಿಸೀವರ್ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಅದು. ಫ್ಯಾನ್ ಆಫ್, ಮಿಕ್ಸರ್ ಬಂದ್. ಮೈಕನ್ನು ಸೋಫಾದ ಮೆತ್ತೆಯ ಮೇಲಿಡದೆ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ. ಸಬ್‌ನ ವಾಲ್ಯೂಮ್ ಅರ್ಧಕ್ಕೆ, ಅದರ ಕ್ರಾಸ್‌ಓವರ್ ಗುಂಡಿ ಪೂರ್ತಿ ಬಲಕ್ಕೆ. 'ಇ-5' ಬಂದರೆ ಕೋಣೆಯಲ್ಲಿ ಗದ್ದಲ ಎಂದರ್ಥ. 'ಡಬ್ಲ್ಯೂ-1' ಬಂದರೆ ಪ್ಲಸ್-ಮೈನಸ್ ಅದಲುಬದಲು. ವೈರ್ ಸರಿಯಿದ್ದೂ ಬಂದರೆ ಗೋಡೆಯ ಪ್ರತಿಫಲನಕ್ಕೆ ಯಂತ್ರ ಗೊಂದಲಗೊಂಡಿದೆ, ಬಿಟ್ಟುಬಿಡಿ. ಅಳತೆ ಮುಗಿದ ಮೇಲೆ ಒಂದು ಕೆಲಸ ಬಾಕಿ. ಟಿ15ರಂಥ ಪುಟ್ಟ ಸ್ಪೀಕರನ್ನೂ ವೈಪಿಎಓ 'ಲಾರ್ಜ್' ಎಂದು ಬರೆದುಕೊಳ್ಳುವುದುಂಟು. ಎಲ್ಲವನ್ನೂ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ಗಿಡಿ: ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತದೆ. ಸಬ್ ಎಲ್ಲಿಡಬೇಕೆಂದು ತಿಳಿಯಲು ಅದನ್ನೇ ಸೋಫಾ ಮೇಲಿಟ್ಟು, ಬೇಸ್ ಇರುವ ಹಾಡು ಹಚ್ಚಿ, ಗೋಡೆಯುದ್ದಕ್ಕೂ ಅಂಬೆಗಾಲಲ್ಲಿ ಹೋಗಿ ಕೇಳಿ. ಸದ್ದು ಸಮವಾಗಿ ಕೇಳುವ ಕಡೆ ಅದರ ಜಾಗ. ಮನೆಮಂದಿ ನಗುತ್ತಾರೆ, ನಗಲಿ.

ಫೈರ್ ಸ್ಟಿಕ್, ಸೆಟ್-ಟಾಪ್ ಬಾಕ್ಸ್ ನೇರ ರಿಸೀವರ್‌ಗೇ ಹಚ್ಚಿ. ಟಿವಿಯ ಆ್ಯಪ್‌ಗಳ ಸದ್ದು ಬೇಕಿದ್ದರೆ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಅದೇ ಎಚ್‌ಡಿಎಂಐ ವೈರಿನಲ್ಲಿ ರಿಸೀವರ್‌ಗೆ ವಾಪಸ್ ತರುವ ದಾರಿ; ಅದಕ್ಕೆ ರಿಸೀವರ್‌ನಲ್ಲಿ ಎಚ್‌ಡಿಎಂಐ ಕಂಟ್ರೋಲ್, ಟಿವಿಯಲ್ಲಿ ಅದರದೇ ಜೋಡಿಯಾದ ಸಿಇಸಿ ಎರಡೂ ಆನ್ ಇರಬೇಕು. ಟಿವಿಯ ಡಿಜಿಟಲ್ ಆಡಿಯೊ 'ಪಿಸಿಎಂ'ನಲ್ಲಿದ್ದರೆ ಬರುವುದು ಎರಡೇ ಚಾನೆಲ್. ಸರೌಂಡ್ ಸುಮ್ಮನಿವೆ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಇಷ್ಟಾದ ಮೇಲೂ ಮಾತು ಸ್ಪಷ್ಟವಿಲ್ಲದಿದ್ದರೆ ತಪ್ಪು ಹಾಲ್‌ನದ್ದು. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಆರ್‌ಸಿಸಿ ಚಾವಣಿ: ಒಂದು ಚಪ್ಪಾಳೆ ತಟ್ಟಿ, ಝಣ್ ಅಂತ ಉಳಿದರೆ ಅದೇ ಕಾಯಿಲೆ. ಇದಕ್ಕೆ ದುಬಾರಿ ಫೋಮ್ ಪ್ಯಾನೆಲ್ ಬೇಕಿಲ್ಲ. ಟಿವಿಗೂ ಸೋಫಾಕ್ಕೂ ನಡುವೆ ನವಲಗುಂದದ ಜಮಖಾನ, ಅದೊಂದೇ ತೆಳುವಾದ್ದರಿಂದ ಕೆಳಗೊಂದು ದಪ್ಪ ಫೆಲ್ಟ್. ಸೋಫಾದ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಎರಡಿಂಚು ಬಿಟ್ಟು ತೂಗುಹಾಕಿ. ಹಿಂದಿನ ಗಾಳಿಯ ಪದರವೂ ಕೆಲಸ ಮಾಡುತ್ತದೆ. ಬೇಸ್‌ನ ಗುಮ್ ಅನ್ನುವ ಸದ್ದನ್ನು ಮಾತ್ರ ಕೌದಿ ಹೀರದು, ಅದಕ್ಕೆ ಸಬ್ ಸರಿಸುವುದೊಂದೇ ದಾರಿ.

ಸಂಗೀತಕ್ಕೆ 'ಡೈರೆಕ್ಟ್' ಗುಂಡಿ ಒತ್ತಿ, ಐದೂ ಸ್ಪೀಕರ್‌ನಿಂದ ಒದರಿಸುವ ಮೋಡ್ ಬೇಡ. ಗಂಗೂಬಾಯಿ ಹಾನಗಲ್ಲರ ಮಂದ್ರ ಈ ಜೋಡಿಗೆ ಒಳ್ಳೆಯ ಪರೀಕ್ಷೆ: ದನಿ ಎದೆಯಿಂದ ಬಂದಂತಿರಬೇಕು, ಡಬ್ಬದಿಂದ ಬಂದಂತೆ ಕೇಳಿದರೆ ಸ್ಪೀಕರ್ ಗೋಡೆಗೆ ತೀರಾ ಅಂಟಿದೆ. ಅರ್ಧ ಅಡಿ ಮುಂದೆ ತನ್ನಿ.

ಪಿಎಸ್5ನಲ್ಲಿ 4ಕೆ 120 ಹರ್ಟ್ಜ್‌ನಲ್ಲಿ ಆಡುವವರಿಗೆ ವಿ385 ಬೇಡ. ಅದರ ಮುಂದಿನ ಮೆಟ್ಟಿಲು ಯಮಹಾದ್ದೇ ವಿ4ಎ. ಅದರಲ್ಲಿ ಇಎಆರ್‌ಸಿ (ಎಆರ್‌ಸಿಯ ಸುಧಾರಿತ ರೂಪ), ವೈಫೈ ಸಿಗುತ್ತವೆ, ಅಟ್ಮಾಸ್ ಮಾತ್ರ ಅಲ್ಲೂ ಇಲ್ಲ. ಅಟ್ಮಾಸ್ ಬೇಕೇ ಬೇಕೆಂದರೆ ವಿ6ಎ, ಆಗ ಲಕ್ಷದ ಲೆಕ್ಕ ತಪ್ಪುತ್ತದೆ. ಅಮೆರಿಕದಿಂದ ನೆಂಟರು ಅಗ್ಗಕ್ಕೆ ತರುತ್ತೇನೆಂದರೆ ಬೇಡ ಎನ್ನಿ: ಅಲ್ಲಿನ ಸೆಟ್ 120 ವೋಲ್ಟ್‌ನದ್ದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲೇ ಸುಟ್ಟುಹೋಗುತ್ತದೆ.