ಶುಗರ್ ಮಾತ್ರೆ ನುಂಗುವವರು ಶೇಕ್ ಕೋಚ್ ಹತ್ತಿರ ಹೋಗುವ ಮುಂಚೆ ಇದನ್ನ ಓದಿ

ನಾನು ಕಲಬುರಗಿಯ ಕಪನೂರ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ವಯಸ್ಸು 46. ಆರು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಒಂದು ಮಾತ್ರೆ, ಅದರಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್. ಈ ಎರಡನೇ ಹೆಸರು ನೆನಪಿಟ್ಟುಕೊಳ್ಳಿ.

ಹೋದ ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ಬೆಳಿಗ್ಗೆ ಆರಕ್ಕೆ, ತೂಕ ಇಳಿಸೋಕೆ ಅಂತ ಪ್ರೋಟೀನ್ ಪುಡಿಯ ಶೇಕ್ ಮಾರುವವರ ಒಂದು ಮಹಡಿ ಮೇಲಿನ ಕೋಣೆಗೆ ಕರೆದುಕೊಂಡು ಹೋದ. ಹಾಡು, ಚಪ್ಪಾಳೆ, ಗೋಡೆ ತುಂಬ ಹೊಟ್ಟೆ ಕರಗಿದವರ ಫೋಟೋ. ನನ್ನನ್ನು ಒಂದು ಮಷೀನ್ ಮೇಲೆ ನಿಲ್ಲಿಸಿದರು. "ಸರ್, ನಿಮ್ಮ ಬಾಡಿ ಏಜ್ 61 ಬಂದದ್ರಿ" ಅಂದ ಕೋಚ್. ಎದೆ ಧಸಕ್ ಅಂತು. ಆ ಮಷೀನ್ ಸಣ್ಣ ಕರೆಂಟ್ ಹರಿಸಿ ಕೊಬ್ಬಿನ ಅಂದಾಜು ಹಾಕುತ್ತದೆ, ಮೈಯಲ್ಲಿ ನೀರು ಕಡಿಮೆ ಇದ್ದರೆ ಕೊಬ್ಬು ಜಾಸ್ತಿ ತೋರಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಯಾರ ಮೈಯಲ್ಲಿ ನೀರು ಸರಿಯಾಗಿ ಇರುತ್ತೆ ಹೇಳಿ!

ಅವನು ನನ್ನ ತೂಕ ಕೇಳಿದ, ಸಂಬಳ ಕೇಳಿದ, ಹತ್ತು ಮಂದಿ ಗೆಳೆಯರ ನಂಬರ್ ಕೇಳಿದ. ಯಾವ ಮಾತ್ರೆ ತಗೋತೀರಿ ಅಂತ ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. "ರೊಟ್ಟಿ, ಅನ್ನ ಬಂದ್ ಮಾಡ್ರಿ. ಮುಂಜಾನಿ ಶೇಕ್, ರಾತ್ರಿ ಶೇಕ್, ಮಧ್ಯಾಹ್ನ ಸೌತೆಕಾಯಿ" ಅಂದ. ಮೂರು ಡಬ್ಬಿಗೆ 7,400 ರೂಪಾಯಿ. ಡಬ್ಬಿ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ತೋರಿಸಿ ಸರ್ಕಾರದ ಮಂಜೂರಿ ಅದ ಅಂದ. ಅದು ತಯಾರಿಸಿದವರ ಲೈಸೆನ್ಸ್ ನಂಬರ್ ಅಷ್ಟೇ. ರೋಗ ವಾಸಿ ಆಗುತ್ತೆ ಅನ್ನೋದಕ್ಕೆ ಸರ್ಟಿಫಿಕೇಟ್ ಅಲ್ಲ.

ದಿನವಿಡೀ ತೊಗರಿ ಧೂಳಿನಲ್ಲಿ ಕೂರುವವನು, 2019ರಲ್ಲಿ ನಮ್ಮೂರ ಹೆಸರಿನಲ್ಲೇ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನುವ ಗುರುತು) ಸಿಕ್ಕ ಬೇಳೆಯ ಚೀಲಗಳನ್ನೇ ಎಣಿಸುವವನು, ಡಬ್ಬಿಯಲ್ಲಿ ಪ್ರೋಟೀನ್ ಕೊಂಡು ತಂದೆ. ನಗಬೇಡಿ.

ಹತ್ತು ದಿನದಲ್ಲಿ ಮೂರು ಕೆಜಿ ಇಳಿಯಿತು. ಖುಷಿಯೋ ಖುಷಿ. ಹನ್ನೊಂದನೇ ದಿನ ಹನ್ನೊಂದೂವರೆ ಸುಮಾರಿಗೆ ತೂಕದ ಚೀಟಿ ಬರೆಯುತ್ತಿದ್ದೆ. 52 ಅಂತ ಬರೆಯಬೇಕು, ಪೆನ್ನು ಐದನ್ನ ಮುಗಿಸಲೇ ಇಲ್ಲ, ಗೆರೆ ಜಾರಿ ಚೀಟಿಯ ಅಂಚಿನವರೆಗೂ ಹೋಯಿತು. ಅಂಗಿ ಪೂರ್ತಿ ಒದ್ದೆ. ಬಿಸಿಲಿಗೆ ಬೆವರಿರಬೇಕು ಅಂದುಕೊಂಡೆ, ಆದರೆ ಬೆವರು ತಣ್ಣಗಿತ್ತು. ಒಬ್ಬ ಹಮಾಲರು, ಅವರ ತಂದೆಗೂ ಶುಗರ್ ಇತ್ತಂತೆ, ನನ್ನ ಮುಖ ನೋಡಿದವರೇ "ಅಕೌಂಟೆಂಟ್ ಸಾಹೇಬ್ರ, ಬಾಯಿ ತೆರೀರಿ" ಅಂತ ಸಕ್ಕರೆ ನೀರು ಕುಡಿಸಿದರು. ಹತ್ತಿರದ ದವಾಖಾನೆಗೆ ಹೋಗಿ ನೋಡಿದಾಗಲೂ ಶುಗರ್ 54 ಇತ್ತು. 70ಕ್ಕಿಂತ ಕೆಳಗೆ ಬಂದರೇನೇ ಅಪಾಯ ಶುರು.

ಡಾಕ್ಟರ್ ಬೈದು ಬಿಡಿಸಿ ಹೇಳಿದ್ದು ಇದು: ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ರೊಟ್ಟಿ ಬೀಳದಿದ್ದರೆ ಅದು ರಕ್ತದಲ್ಲಿರುವ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. ಒಮ್ಮೆ ಏರಿಸಿದರೂ ಮತ್ತೆ ಇಳಿಯಬಹುದು ಅಂತ ಸಂಜೆವರೆಗೂ ಅಲ್ಲೇ ಕೂರಿಸಿದರು. ಕೈ ನಡುಕ, ತಣ್ಣನೆ ಬೆವರು ಬಂದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಒಯ್ಯಿರಿ.

ಕೋಚ್‌ಗೆ ಫೋನ್ ಮಾಡಿದೆ. "ಅದು ಡಿಟಾಕ್ಸ್ ರಿ ಸರ್, ವಿಷ ಹೊರಗ ಹೊಂಟದ" ಅಂದ. ಮಾತ್ರೆ ವಿಷಯ ಹೇಳಿದ ಕೂಡಲೇ "ಹಂಗಿದ್ರ ಮಾತ್ರಿ ಬಿಟ್ಟುಬಿಡ್ರಿ" ಅಂದ. ಅಷ್ಟು ಸಲೀಸಾಗಿ! ಡಾಕ್ಟರ್ ಕೇಳದೆ ಬಿಟ್ಟರೆ ಶುಗರ್ ಮುನ್ನೂರು ದಾಟಬಹುದು, ಅದು ಇವನಿಗೆ ಬೇಕಿಲ್ಲ.

ಆಮೇಲೆ ಡಾಕ್ಟರ್ ಒಬ್ಬ ಡಯಟೀಷಿಯನ್ ಮೇಡಂ ಹತ್ತಿರ ಕಳಿಸಿದರು. ಅವರು ಅರ್ಧ ಗಂಟೆ ಬರೀ ಕೇಳಿದರು. ಮೊದಲ ಪ್ರಶ್ನೆಯೇ ಮಾತ್ರೆ. ಎಷ್ಟು ಗಂಟೆಗೆ ಉಣ್ತೀರಿ, ಮನೆಯಲ್ಲಿ ಅಡುಗೆ ಯಾರದು, ಮಿಲ್ಲಲ್ಲಿ ಚಹಾ ಎಷ್ಟು. ಆರು ಕಪ್ ಅಂದೆ, ಕಪ್ಪಿಗೆ ಎರಡು ಚಮಚ ಸಕ್ಕರೆ. ಕೋಣೆಯಲ್ಲಿ ನಾವಿಬ್ಬರೇ ಇದ್ದರೂ ಹೇಳೋಕೆ ನಾಚಿಕೆ ಆಯಿತು. ದಿನಕ್ಕೆ ಸುಮಾರು 50 ಗ್ರಾಂ! ಶೇಕ್ ಮಾರಿದವನಿಗೆ ಈ ಚಹಾ ಕಂಡೇ ಇರಲಿಲ್ಲ.

ಅವರು ರೊಟ್ಟಿ ಬಿಡಿಸಲಿಲ್ಲ. ರೊಟ್ಟಿಯೂ ಶುಗರ್ ಏರಿಸುತ್ತೆ, ಆದರೆ ನಾರು ಇದೆ, ಐದರ ಬದಲು ಮೂರು ಉಣ್ಣಿ, ಆ ಜಾಗಕ್ಕೆ ಪುಂಡಿ ಪಲ್ಯ, ಮಡಕಿ ಕಾಳು ಬರಲಿ ಅಂದರು. ನೀರು ಸಾರು ಬೇಡ, ಬೇಳೆ ಗಟ್ಟಿ ಇರಲಿ. ಶೇಂಗಾ ಹಿಂಡಿ ಒಂದು ಚಮಚ ಸಾಕು. ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ, 70 ಕೆಜಿ ಇರುವ ನನಗೆ 58 ಗ್ರಾಂ. ನೂರು ಗ್ರಾಂ ತೊಗರಿ ಬೇಳೆಯಲ್ಲೇ ಸುಮಾರು 22 ಇದೆ. ಮೊದಲ ವಾರ ಬದಲಿಸಿದ್ದು ಚಹಾ ಒಂದೇ. ಎರಡನೇ ವಾರ ರೊಟ್ಟಿ ಎಣಿಕೆ. ಮಾತ್ರೆ ಡೋಸನ್ನ ಡಾಕ್ಟರೇ ನೋಡಿ ಕಡಿಮೆ ಮಾಡಿದರು.

ದುಡ್ಡು ವಾಪಸ್ ಬರಲಿಲ್ಲ. ಎರಡು ಡಬ್ಬಿ ಸೀಲ್ ಒಡೆಯದೆ ಕಪಾಟಿನ ಮೇಲಿವೆ. ನಮ್ಮ ಷಡ್ಡಕರು ಅರ್ಧ ರೇಟಿಗೆ ಕೇಳಿದರು, ಅವರಿಗೂ ಶುಗರ್ ಇದೆ. ಕೊಡಲಿಲ್ಲ.