ನಾಲ್ಕು ವರ್ಷ 85 ಎಂಎಂ: ಬೆಳಕು ಸಿಕ್ಕಿತು, ಜಾಗ ಸಾಲಲಿಲ್ಲ

ಜನರ ಫೋಟೋ ತೆಗೆಯೋಕೆ ಅಂತ ಲೆನ್ಸ್ ಕೊಳ್ಳುವ ಮುಂಚೆ ನಾನು ಎಫ್ ನಂಬರ್ ಬಿಟ್ಟು ಬೇರೇನೂ ನೋಡಿರಲಿಲ್ಲ. ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತೆ ಅಂತ ಹೇಳುವ ಸಂಖ್ಯೆ ಅದು; ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 1.4 ಬೇಕಾ, 1.8 ಸಾಕಾ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ 85 ಎಂಎಂ ಎಫ್/1.8 ತೆಗೆದುಕೊಂಡೆ. ಎಂಎಂ ಅನ್ನೋದು ಫೋಕಲ್ ಲೆಂತ್; ಅದು ಜಾಸ್ತಿಯಾದಷ್ಟೂ ಎದುರಿನದು ದೊಡ್ಡದಾಗಿ ಕಾಣುತ್ತೆ, ನಾವು ಅಷ್ಟು ಹಿಂದೆ ನಿಲ್ಲಬೇಕು. ನನ್ನದು ಎಪಿಎಸ್-ಸಿ ಅನ್ನೋ ಚಿಕ್ಕ ಅಳತೆಯ ಸೆನ್ಸರ್ ಇರುವ ಮಿರರ್‌ಲೆಸ್ ಕ್ಯಾಮೆರಾ. ನಾಲ್ಕು ವರ್ಷ ಬಳಸಿದ ಮೇಲೆ ಅನಿಸುತ್ತೆ, ಆ ಎರಡು ತಿಂಗಳಲ್ಲಿ ಒಂದು ದಿನ ಟೇಪ್ ಹಿಡಿದು ಮನೆಯ ಹಾಲ್ ಅಳೆದಿದ್ದರೆ ಚೆನ್ನಾಗಿತ್ತು.

ಬೆಳಕಿನ ವಿಷಯದಲ್ಲಿ ದೂರೇ ಇಲ್ಲ. ಕ್ಯಾಮೆರಾ ಜೊತೆ ಬಂದಿದ್ದ 18-55 ಜೂಮ್, 55ಕ್ಕೆ ತಿರುಗಿಸಿದರೆ ಎಫ್/5.6ಕ್ಕಿಂತ ಜಾಸ್ತಿ ತೆರೆಯಲ್ಲ. ಎಫ್/1.8 ಅಂದರೆ ಅದರ ಹತ್ತಿರ ಹತ್ತಿರ 10 ಪಟ್ಟು ಬೆಳಕು. ಒಂದು ರಾತ್ರಿ ಅಜ್ಜಿ ಟೇಬಲ್ ಲ್ಯಾಂಪ್ ಒಂದನ್ನೇ ಹಾಕಿಕೊಂಡು ಓದುತ್ತಾ ಕೂತಿದ್ದರು. ಶಟರ್ 1/125 ಸೆಕೆಂಡ್ ಇಟ್ಟರೆ ಜೂಮ್‌ಗೆ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 12800 ಬೇಕಾಯಿತು. ಮುಖದ ತುಂಬಾ ಮರಳು ಎರಚಿದ ಹಾಗೆ ನಾಯ್ಸ್. 85ರಲ್ಲಿ 1250ಕ್ಕೇ ಕೆಲಸ ಆಯಿತು.

ಆದರೂ ಆವತ್ತಿನ ಮೊದಲ ಫೋಟೋಗಳೆಲ್ಲ ಹಾಳು. ಮುಖ ಮಾತ್ರ ತುಂಬುವ ಹಾಗೆ ಸುಮಾರು 1.25 ಮೀಟರ್ ದೂರದಿಂದ ತೆಗೆದರೆ, ಎಫ್/1.8ರಲ್ಲಿ ಶಾರ್ಪ್ ಆಗಿ ಬರುವ ಆಳ ಒಂದೂವರೆ ಸೆಂಟಿಮೀಟರ್ ಅಷ್ಟೇ. ಕಣ್ಣು ಸಿಕ್ಕಿತು ಅಂತ ಕ್ಯಾಮೆರಾ ಚೌಕ ತೋರಿಸಿತು. ಸಿಕ್ಕಿದ್ದು ಕನ್ನಡಕದ ಫ್ರೇಮ್! ದೊಡ್ಡದು ಮಾಡಿ ನೋಡಿದರೆ ಫ್ರೇಮಿನ ಪುಟಾಣಿ ಸ್ಕ್ರೂ ಎದ್ದು ಕಾಣುತ್ತಿದೆ, ಹಿಂದಿನ ಕಣ್ಣು ಮಂಜು. ನಾನು ಉಸಿರು ಬಿಟ್ಟು ಒಂಚೂರು ಮುಂದಕ್ಕೆ ಬಾಗಿದರೂ ಫೋಕಸ್ ತಪ್ಪುತ್ತಿತ್ತು. ಆಮೇಲಿಂದ ಕ್ಲೋಸಪ್‌ಗೆ ಎಫ್/2.8 ಇಡುತ್ತೇನೆ, ಒಂದರ ಬದಲು ನಾಲ್ಕೈದು ತೆಗೆಯುತ್ತೇನೆ. ಇಂಥ ಲೆನ್ಸ್ ಕೊಂಡು 2.8ಕ್ಕೆ ಇಟ್ಕೊಳ್ಳೋದಾ ಅಂತ ಗೆಳೆಯ ನಗುತ್ತಾನೆ. ನಗಲಿ ಬಿಡಿ. ಕಿಟಕಿಗೆ ಬೆನ್ನು ಮಾಡಿ ನಿಂತವರ ಕೂದಲಂಚಿನಲ್ಲಿ 1.8ರಲ್ಲಿ ಬರುವ ನೇರಳೆ ಗೆರೆ ಕೂಡ 2.8ಕ್ಕೆ ಹೋದರೆ ಬಹುತೇಕ ಮಾಯ.

ಇನ್ನು ಜಾಗದ ಕಥೆ. ‘ಪೋರ್ಟ್ರೇಟ್ ಅಂದ್ರೆ 85’ ಅನ್ನೋ ಮಾತು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಲೆಕ್ಕದ್ದು. ನನ್ನ ಚಿಕ್ಕ ಸೆನ್ಸರಿನಲ್ಲಿ ಕ್ರಾಪ್ 1.5, ಅಂದರೆ ಎಂಎಂ ಅನ್ನು 1.5ರಿಂದ ಗುಣಿಸಬೇಕು; ಹಾಗಾಗಿ ಅದು 127 ಎಂಎಂ ಥರ ಕಾಣುತ್ತೆ. ಸೊಂಟದವರೆಗೆ ಬೇಕು ಅಂದರೆ 3 ಮೀಟರಿಗಿಂತ ಜಾಸ್ತಿ ಹಿಂದೆ ಹೋಗಬೇಕು. ತಲೆಯಿಂದ ಕಾಲಿನವರೆಗೆ ಅಂದರೆ 6 ಮೀಟರ್ ದಾಟುತ್ತೆ. ಬಾಗಿಲಾಚೆ ನಿಂತು ಹಾಲ್‌ನಲ್ಲಿ ಇದ್ದವರನ್ನು ‘ಸ್ವಲ್ಪ ನಗಿ’ ಅಂತ ಕೂಗಿದ್ದೇನೆ. ಹಾಗೆ ಕೂಗಿಸಿಕೊಂಡು ಯಾರು ತಾನೇ ಸಹಜವಾಗಿ ನಗುತ್ತಾರೆ? ಮಕ್ಕಳಂತೂ ಎದ್ದು ನನ್ನ ಹತ್ತಿರಕ್ಕೇ ಓಡಿ ಬರುತ್ತವೆ. 80 ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಈ ಲೆನ್ಸ್‌ಗೆ ಫೋಕಸ್ ಸಿಗಲ್ಲ, ಸುಮ್ನೆ ಹಿಂದೆ ಮುಂದೆ ತಡಕಾಡುತ್ತೆ.

ಹಾಗಾಗಿ ಎರಡನೇ ವರ್ಷ 50 ಎಂಎಂ ಎಫ್/1.8 ಒಂದು ಬಂತು. ಪ್ಲಾಸ್ಟಿಕ್ ಮೈ, ಫೋಕಸ್ ಮಾಡುವಾಗ ಗುರ್ ಅನ್ನುತ್ತೆ. ಆದರೂ ಮನೆಯೊಳಗೆ ಅದೇ. ಎರಡನ್ನೂ ಇಟ್ಟುಕೊಂಡ ಮೇಲೆ ಒಂದು ವಿಷಯ ತಿಳಿಯಿತು. ಮುಖ ಎರಡರಲ್ಲೂ ಅಷ್ಟೇ ದೊಡ್ಡದಾಗಿ ಬರುವಂತೆ ನಿಂತು ತೆಗೆದರೆ, ಒಂದೇ ಎಫ್ ನಂಬರಿನಲ್ಲಿ ಶಾರ್ಪ್ ಭಾಗದ ಆಳ ಹೆಚ್ಚುಕಮ್ಮಿ ಒಂದೇ. ಬೇರೆಯಾಗುವುದು ದೂರದ ಬ್ಯಾಕ್‌ಗ್ರೌಂಡ್. 85ರಲ್ಲಿ ಎಫ್/1.8 ಅಂದರೆ ಸುಮಾರು 47 ಎಂಎಂ ಅಗಲದ ಕಿಂಡಿ, 50ರಲ್ಲಿ 28 ಎಂಎಂ. ಸಂಜೆ ಬಯಲಿನಲ್ಲಿ ತೆಗೆದರೆ 85ರಲ್ಲಿ ಹಿಂದಿನ ದೀಪಗಳು ದೊಡ್ಡ ದೊಡ್ಡ ಬಿಲ್ಲೆಗಳಾಗುತ್ತವೆ. ಮಾರಿಬಿಡೋಣ ಅಂತ ಎರಡು ಸಲ ಡಬ್ಬಿಗೆ ಹಾಕಿದ್ದೆ, ಆ ಬಿಲ್ಲೆಗಳನ್ನು ನೋಡಿ ವಾಪಸ್ ತೆಗೆದೆ.

1.4 ತೆಗೆದುಕೊಳ್ಳಬೇಕಿತ್ತಾ? ಇಲ್ಲ. 1.8ಕ್ಕಿಂತ ಅದು ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ಕೂಡ ಮುಂದಿಲ್ಲ. ಐಎಸ್ಓ 2000 ಇದ್ದದ್ದು 1250 ಆಗುತ್ತೆ. ಅದಕ್ಕೆ ಅಷ್ಟು ತೂಕ ಹೊರಬೇಕು, ಅಷ್ಟು ದುಡ್ಡು ಸುರಿಯಬೇಕು.

ಈಗ ಯಾರಾದರೂ ಕೇಳಿದರೆ, ಕ್ಯಾಮೆರಾ ಜೊತೆ ಬಂದ ಜೂಮನ್ನು 50ಕ್ಕೆ ತಿರುಗಿಸಿ, ರಿಂಗ್ ಅಲ್ಲಾಡದ ಹಾಗೆ ಟೇಪ್ ಅಂಟಿಸಿ, ಒಂದು ವಾರ ನಿಮ್ಮ ಮನೆಯಲ್ಲೇ ಫೋಟೋ ತೆಗೆಯಿರಿ ಅನ್ನುತ್ತೇನೆ. ಗೆಳತಿಯೊಬ್ಬಳು ಹಾಗೇ ಮಾಡಿದಳು. ಮೂರನೇ ದಿನಕ್ಕೇ ಟೇಪ್ ಕಿತ್ತು 35ಕ್ಕೆ ತಂದಳು. ಕೊನೆಗೆ ಕೊಂಡದ್ದೂ 35 ಎಂಎಂ ಎಫ್/1.8. ಹೊರಗೆ ಹೋಗುವಾಗ ಮಾತ್ರ ನನ್ನ 85 ಕೇಳಿ ಒಯ್ಯುತ್ತಾಳೆ.